ದಿಂಬಕ್ಕನ ಮನೆಯ ಹಾಸಿಗೆ

ನನ್ನ ಸೋದರತ್ತೆಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ, ಹಾಗೆ ಕರೆಯುವವರು ಮಾತ್ರ ಯಾರೂ ಉಳಿದಿಲ್ಲ. ಹಾಸಿಗೆ ಅಂಗಡಿಗೆ ಕೆಲಸಕ್ಕೆ ಸೇರಿದಾಗಿನಿಂದ ಅವಳ ಕಂಕುಳಲ್ಲಿ ಒಂದು ದಿಂಬು ಇದ್ದೇ ಇರುತ್ತದೆ. ಗಿರಾಕಿ ಯಾವ ಮೂಲೆಯ ಹಾಸಿಗೆ ಮೇಲೆ ಒರಗಿದರೂ ತಕ್ಷಣ ತಲೆಯಡಿಗೆ ಸರಿಸಬೇಕಲ್ಲ! ಹಾಗಾಗಿ ನಮ್ಮ ಮಾಲೀಕರಿಂದ ಹಿಡಿದು ಎದುರಿನ ಔಷಧಿ ಅಂಗಡಿಯವರವರೆಗೆ ಎಲ್ಲರಿಗೂ ಅವಳು ದಿಂಬಕ್ಕ. ಅದೇ ಅಂಗಡಿಯಲ್ಲಿ ನಾನು ಬಿಲ್ ಹಾಕುತ್ತೇನೆ. ಕೂತಲ್ಲಿಂದಲೇ ಅವಳ ಆಟವೆಲ್ಲ ಕಾಣಿಸುತ್ತದೆ, ಟಿಕೆಟ್ಟಿಲ್ಲದ ನಾಟಕ.

ಹಾಸಿಗೆ ಕೊಳ್ಳಲು ಬಂದವರು ಮಾಡುವ ಮೊದಲ ಕೆಲಸ ಅಂಗೈಯಿಂದ ಒತ್ತಿ ನೋಡುವುದು. ಹಲಸಿನ ಹಣ್ಣು ಕೊಳ್ಳುವವರ ಹಾಗೆ ಎರಡು ಸಲ ಒತ್ತಿ, ಮೂತಿ ಮುಂದೆ ಮಾಡಿ, "ಪರವಾಗಿಲ್ಲ" ಅನ್ನುತ್ತಾರೆ. ಅತ್ತೆಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

"ಸಾರ್, ರಾತ್ರಿ ಕೈ ಮಾತ್ರ ಮಲಗುತ್ತಾ? ಚಪ್ಪಲಿ ಬಿಡಿ, ಪೂರ್ತಿ ಮಲಗಿ."

ಅವರು ಮಲಗುತ್ತಾರೆ. ಅಂಗಾತ, ಕೈ ಎದೆಯ ಮೇಲೆ, ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಳ್ಳುವವರಂತೆ ಉಸಿರು ಬಿಗಿಹಿಡಿದು.

"ಮನೇಲೂ ಹೀಗೇ ಮಲಗ್ತೀರಾ?"

"ಇಲ್ಲ, ಮನೇಲಿ ಬೋರಲು."

"ಹಾಗಾದ್ರೆ ಇಲ್ಲೂ ಬೋರಲು ಮಲಗಿ. ನಾಚಿಕೆ ಯಾಕೆ, ಇಲ್ಲಿ ಯಾರೂ ನಿಮ್ಮನ್ನ ಕೊಂಡ್ಕೊಳ್ಳೋಕೆ ಬಂದಿಲ್ಲ!"

ಬೋರಲು ಮಲಗುವವರಿಗೆ ಸೊಂಟ ಕುಸಿಯದ ಹಾಗೆ ಗಟ್ಟಿ ಹಾಸಿಗೆ. ಮಗ್ಗುಲಾಗಿ ಮಲಗುವವರಿಗೆ ಭುಜ ಸ್ವಲ್ಪ ಒಳಗಿಳಿಯುವಂತೆ ಮೆತ್ತಗಿನದು. ಅಂಗಾತ ಮಲಗುವವರ ಸೊಂಟದ ಕೆಳಗೆ ಅವಳು ಅಂಗೈ ತೂರಿಸುತ್ತಾಳೆ. ಕೈ ಸಲೀಸಾಗಿ ಹೋದರೆ ಹಾಸಿಗೆ ತೀರಾ ಗಟ್ಟಿ, ಹೋಗದೇ ಇದ್ದರೆ ತೀರಾ ಮೆತ್ತಗೆ, ತುಸು ಉಜ್ಜಿಕೊಂಡು ಹೋದರೆ ಅದೇ ಸರಿ. ಇದಿಷ್ಟನ್ನೂ ಅವಳು ಯಾರಿಗೆ ಬೇಕಾದರೂ ಹೇಳಿಕೊಡುತ್ತಾಳೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನೂ ಬಿಡುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವಳದು ಹಟಮಾರಿತನ. ಇಬ್ಬರು ಮಲಗುವ ಹಾಸಿಗೆಯನ್ನು ಒಬ್ಬರಿಗೇ ತೋರಿಸುವುದಿಲ್ಲ. ಗಂಡ ಬಂದರೆ ಹೆಂಡತಿಯನ್ನು ಕರೆದುಕೊಂಡು ಬಾ ಎನ್ನುತ್ತಾಳೆ, ಹೆಂಡತಿ ಬಂದರೆ ಗಂಡನನ್ನು. ಇದರಿಂದ ವ್ಯಾಪಾರ ಕೈತಪ್ಪಿದಾಗ ಮಾಲೀಕರು ತಲೆ ಚಚ್ಚಿಕೊಳ್ಳುತ್ತಾರೆ. ಅವಳು ಕ್ಯಾರೇ ಅನ್ನುವುದಿಲ್ಲ.

ಇಂಥವಳ ಸ್ವಂತ ಗಂಡ ಎರಡು ವರ್ಷದಿಂದ ಹಲಗೆಯ ಮೇಲೆ ಮಲಗುತ್ತಿದ್ದರು.

ನಮ್ಮ ಮಾವ ಟೈಲರ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಜೀವಮಾನವೆಲ್ಲ ಮೆಷಿನ್ನಿನ ಮೇಲೆ ಬಗ್ಗಿ ಕೂತವರಿಗೆ ಒಂದು ದಿನ ಬೆನ್ನು ಹಿಡಿದುಕೊಂಡಿತು. ಡಾಕ್ಟರು ಗಟ್ಟಿ ಹಾಸಿಗೆಯ ಮೇಲೆ ಮಲಗಿ ಅಂದರು. ಅತ್ತೆ ಅಂದೇ ಸಂಜೆ ಹಳೆಯ ಮೆತ್ತನೆ ಹಾಸಿಗೆಯನ್ನು ಸಾಗಹಾಕಿ, ಗಟ್ಟಿಯದೊಂದನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಳು. ಮಾವ ಕೆಲವು ದಿನ ಮಲಗಿದರು. ಆಮೇಲೆ "ಯಾಕೋ ಸರಿಹೋಗ್ತಿಲ್ಲ" ಅಂದು, ಬಟ್ಟೆ ಕತ್ತರಿಸುವ ಹಲಗೆಯ ಮೇಜಿನ ಮೇಲೆ ಚಾದರ ಹಾಸಿಕೊಂಡರು. ಗಟ್ಟಿ ಸಾಲದೇನೋ ಎಂದುಕೊಂಡು ಅತ್ತೆ ಇನ್ನೂ ಗಟ್ಟಿಯದು ತಂದಳು. ಅವರು ಮೇಜು ಬಿಟ್ಟು ಕದಲಲಿಲ್ಲ. ಅದಕ್ಕಿಂತ ಗಟ್ಟಿಯದು ತಂದಳು. ಇನ್ನೊಂದು ಸಲ ತರುವುದಾಗಿದ್ದರೆ ರಸ್ತೆಯನ್ನೇ ಕಿತ್ತು ತರಬೇಕಾಗಿತ್ತು!

ನಗುನಗುತ್ತಾ ಹೇಳುತ್ತಿದ್ದೇನೆ, ಆದರೆ ಅವಳಿಗೆ ಇದು ನಗುವ ಮಾತಾಗಿರಲಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟು ಸುಮ್ಮನೆ ಕೂತಿದ್ದಳು. ಕೇಳಿದ್ದಕ್ಕೆ ಅಂದಳು, "ಮದುವೆಯಾದಾಗಿಂದ ಪಕ್ಕದಲ್ಲೇ ಮಲಗಿದ ಮನುಷ್ಯ ಕಣೇ. ಈಗ ನನಗಿಂತ ಹಲಗೇನೇ ವಾಸಿ ಆಗೋಯ್ತು. ಬೇಸರ ಆಗಿದ್ರೆ ಹೇಳ್ಬಾರ್ದಾ? ಬೆನ್ನು ಅಂತ ನೆಪ ಯಾಕೆ?"

ಸಮಾಧಾನ ಹೇಳುವ ಜಾಣತನ ನನಗಿಲ್ಲ, ನಾಲಿಗೆ ಸ್ವಲ್ಪ ಉದ್ದ. ಅದೇ ಹೊತ್ತಿಗೆ ಒಬ್ಬ ಹೆಂಗಸು ಡಬಲ್ ಹಾಸಿಗೆ ಕೇಳಿಕೊಂಡು ಬಂದರು. ಅತ್ತೆ ಕಣ್ಣೊರೆಸಿಕೊಂಡು ಎದ್ದವಳೇ, "ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ ಮೇಡಂ, ಅವರು ಮಲಗದೆ ನಾನು ಕೊಡಲ್ಲ" ಎಂದು ಕಳಿಸಿಬಿಟ್ಟಳು. ನನಗೆ ತಡೆಯಲಾಗಲಿಲ್ಲ.

"ಊರೋರ ಗಂಡಂದಿರನ್ನೆಲ್ಲ ಮಲಗಿಸಿ ನೋಡ್ತೀಯಲ್ಲ ಅತ್ತೆ, ನಮ್ಮ ಮಾವನ್ನ ಯಾವತ್ತಾದ್ರೂ ಇಲ್ಲಿಗೆ ಕರೆಸಿದ್ದೀಯಾ?"

ಅವಳು ಊಟದ ಡಬ್ಬಿಯ ಮುಚ್ಚಳ ಹಾಕಿದಳು. ಮೂರು ಹಾಸಿಗೆ ಬದಲಾಯಿಸಿದ್ದಳು, ಒಮ್ಮೆಯೂ ಕರೆಸಿರಲಿಲ್ಲ. ಡಾಕ್ಟರು ಹೇಳಿದರು, ಅವಳು ತಂದಳು, ಅಷ್ಟೇ. ಸ್ವಂತ ಗಂಡನ ವಿಷಯದಲ್ಲಿ ಕೇಳುವುದೇನಿದೆ ಎಂಬ ಧೈರ್ಯ.

ಅತ್ತೆ ಕರೆದಳೆಂದು ಮರುದಿನವೇ ಮಾವ ಬಂದರು. ಕೊರಳಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ, ಹಾಗೆಯೇ ಎದ್ದು ಬಂದಿದ್ದರು. ಬಾಗಿಲಲ್ಲಿ ನಿಂತು ಅತ್ತೆಯನ್ನು ನೋಡಿ ಗಂಭೀರವಾಗಿ, "ಮೇಡಂ, ಹಾಸಿಗೆ ನೋಡೋಕೆ ಬಂದಿದ್ದೆ" ಅಂದರು. ಮನೆಯಲ್ಲಿ ಅವಳನ್ನು 'ಏ ಇವಳೇ' ಅನ್ನುವ ಮನುಷ್ಯ!

ಅತ್ತೆ ನಗಲಿಲ್ಲ. ದಿಂಬು ಕಂಕುಳಿಗೇರಿಸಿದಳು. "ಬನ್ನಿ ಸಾರ್. ಹೇಗೆ ಮಲಗ್ತೀರಿ?"

"ಅಂಗಾತ."

"ಬೆನ್ನು ನೋವಿದೆಯಾ?"

"ಇತ್ತು. ಗಟ್ಟಿ ಹಾಸಿಗೆ ಬಂದ್ಮೇಲೆ ಹೊರಟುಹೋಯ್ತು."

ಅತ್ತೆಯ ಕಂಕುಳಿನಿಂದ ದಿಂಬು ಜಾರಿತು. "ಹೋಯ್ತಾ? ಮತ್ತೆ ಹಾಸಿಗೆ ಸರಿ ಇಲ್ಲ ಅಂದ್ರಲ್ಲ!"

"ನನಗೆ ಸರಿ ಇದೆ ಮೇಡಂ. ತೊಂದ್ರೆ ಇರೋದು ನಮ್ಮ ಮನೆಯವಳಿಗೆ." ಮಾವ ಹಾಸಿಗೆಯಂಚಿನಲ್ಲಿ ಕೂತು, ಟೇಪನ್ನು ಬೆರಳಿಗೆ ಸುತ್ತುತ್ತಾ ಹೇಳಿದರು. "ಅವಳು ಮಗ್ಗುಲಾಗಿ ಮಲಗೋಳು. ಗಟ್ಟಿ ಹಾಸಿಗೆ ಬಂದಾಗಿಂದ ಬೆಳಿಗ್ಗೆ ಎದ್ದು ಭುಜ ಉಜ್ಕೋತಾಳೆ. ನನ್ನ ಕಣ್ಣಿಗೆ ಬೀಳಬಾರದು ಅಂತ ಅಡುಗೆಮನೆ ಬಾಗಿಲ ಹಿಂದೆ ನಿಂತು ಉಜ್ಕೋತಾಳೆ. ನಾನೇ ಹಾಸಿಗೆ ಬೇಡ ಅಂದ್ರೆ ಮೆತ್ತಗಿರೋದನ್ನ ವಾಪಸ್ ತರ್ತಾಳೆ ಅಂದ್ಕೊಂಡೆ. ಪುಣ್ಯಾತ್ಗಿತ್ತಿ, ಇನ್ನೂ ಗಟ್ಟಿ ತಂದ್ಲು!"

ಅಂಗಡಿಯಲ್ಲಿದ್ದ ಗಿರಾಕಿಗಳಿಬ್ಬರು ಗೊಳ್ಳೆಂದು ನಕ್ಕರು. ಮಾಲೀಕರು ಕನ್ನಡಕ ತೆಗೆದು ಒರೆಸಿದರು. ಅತ್ತೆಗೆ ಮಾತ್ರ ಗಿರಾಕಿ, ಮೇಡಂ ಎಲ್ಲ ಮರೆತುಹೋಗಿತ್ತು.

"ರೀ, ಹೇಳೋಕೆ ನಿಮಗೆ ಬಾಯಿ ಇರ್ಲಿಲ್ವಾ?"

"ಹೇಳಿದ್ರೆ ಏನಂತಿದ್ದೆ? 'ನನಗೇನೂ ನೋವಿಲ್ಲ, ನೀವು ಸುಮ್ನೆ ಮಲಗಿ' ಅಂತಿದ್ದೆ. ಅಂತಿದ್ದೆಯೋ ಇಲ್ವೋ?"

ಅನ್ನುತ್ತಿದ್ದಳು, ಖಂಡಿತ ಅನ್ನುತ್ತಿದ್ದಳು. ಅವಳು ಸೆರಗಿನಿಂದ ಕಣ್ಣೊತ್ತಿಕೊಂಡು ನಗತೊಡಗಿದಳು, ನಗುತ್ತಲೇ ಅವರಿಗೆ ಸರಿಯಾಗಿ ಬೈದಳು. ಹಲಗೆಯ ಮೇಲೆ ಮಲಗಿ ತ್ಯಾಗಮೂರ್ತಿ ಆಗಲು ಹೊರಟರಂತೆ, ದೊಡ್ಡ ಮನುಷ್ಯರು! ಮಾವ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿ ಕೂತಿದ್ದರು, ಆದರೆ ಮೀಸೆಯಡಿ ನಗು ಒಸರುತ್ತಿತ್ತು. ಈ ಇಬ್ಬರನ್ನು ಎಷ್ಟು ಪ್ರೀತಿಸುತ್ತೇನೆ ಎನ್ನುವುದು ಆ ಗಳಿಗೆಯಲ್ಲಿ ತಿಳಿಯಿತು. ಬಿಲ್ಲಿನಲ್ಲಿ ಯಾರದೋ ವಿಳಾಸವನ್ನು ತಪ್ಪಾಗಿ ಬರೆದೆ.

ಆಮೇಲೆ ಇಬ್ಬರೂ ಚಪ್ಪಲಿ ಬಿಟ್ಟು, ಅಂಗಡಿಯ ಒಂದೊಂದು ಹಾಸಿಗೆಯ ಮೇಲೂ ಜೊತೆಗೆ ಮಲಗಿ ನೋಡಿದರು. ಒಂದು ಅವರಿಗೆ ಹಿಡಿಸಿದರೆ ಇವಳಿಗೆ ಆಗಲಿಲ್ಲ, ಇವಳಿಗೆ ಆದದ್ದರಲ್ಲಿ ಅವರ ಸೊಂಟ ಮುಳುಗಿತು. ಕೊನೆಗೆ ಒಂದೇ ದಪ್ಪದ ಎರಡು ಸಿಂಗಲ್ ಹಾಸಿಗೆ ಆರಿಸಿದರು, ಒಂದು ಗಟ್ಟಿ, ಒಂದು ಮೆತ್ತಗೆ. ನಡುವೆ ಸಂದು ಬೀಳುತ್ತದಲ್ಲ ಎಂದು ಅತ್ತೆ ಮೂಗು ಮುರಿದಳು.

"ನಾನು ಮತ್ಯಾಕಿದ್ದೀನಿ?" ಎಂದು ಮಾವ ಎದ್ದು, ಕೊರಳಿನ ಟೇಪು ತೆಗೆದು, ಎರಡನ್ನೂ ಜೋಡಿಸಿ ಅಳೆಯತೊಡಗಿದರು. ಅಂದು ಬೇರೆಯವರ ಬಟ್ಟೆಗಳನ್ನೆಲ್ಲ ಪಕ್ಕಕ್ಕಿಟ್ಟು, ಎರಡು ಹಾಸಿಗೆಗೂ ಸೇರಿ ಒಂದೇ ದಪ್ಪನೆಯ ಗವಸು ಹೊಲಿದರು. ಸಂದಿಗೆ ಒಳಗಿನಿಂದ ಹತ್ತಿಯ ಪಟ್ಟಿ ಕೊಟ್ಟು, ಮೇಲಿನಿಂದ ಹೊಲಿಗೆ ಕಾಣದ ಹಾಗೆ ಮುಚ್ಚಿದರು. ಸಂಜೆ ನಾನೇ ಹೋಗಿ ಒಂದು ತುದಿ ಹಿಡಿದು ಮಂಚಕ್ಕೆ ಹಾಕಿಸಿ ಬಂದೆ. ಅತ್ತೆ ಕೈಯಾಡಿಸಿ ನೋಡಿದಳು, ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತೆಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ, ಎಂದೂ ತಡಮಾಡದ ದಿಂಬಕ್ಕ ಅಂಗಡಿಗೆ ತಡವಾಗಿ ಬಂದಳು. ಕಣ್ಣು ಕೆಂಪಗಿತ್ತು, ಮಾತಿಗೊಂದು ಆಕಳಿಕೆ ಬೇರೆ.

"ಯಾಕತ್ತೆ, ಇದೂ ಸರಿಹೋಗ್ಲಿಲ್ವಾ? ನಿದ್ದೆ ಬರ್ಲಿಲ್ವಾ?"

"ನಿದ್ದೆಗೆ ಬಿಡುವೆಲ್ಲಿತ್ತು ಕಣೇ," ಅಂದಳು ಅತ್ತೆ, ಎಳೆ ಹುಡುಗಿಯ ಹಾಗೆ ಕೆಂಪಾಗಿ. "ಎರಡು ವರ್ಷದ ಮಾತು ಉಳಿದಿತ್ತು. ಬೆಳಗಾಗಿದ್ದೇ ಗೊತ್ತಾಗ್ಲಿಲ್ಲ."