ಬೇಟೆಯ ಬೆಳಿಗ್ಗೆ ನಾನು ರೀಮ್‌ಗೆ ಅನ್ನ ಹಾಕಿದ್ದು

ರೀಮ್ ಮರಳಿನ ಮೇಲೆ ಕುಸಿದಾಗ ಅರಬಾಬ್ ಮೊದಲು ನೋಡಿದ್ದು ಅವಳ ಕಾಲುಗಳನ್ನು.

"ಹಯ್ಯ" ಅಂದರು. ಹಾವು.

ನಾನು ಪಿಕಪ್ ಹತ್ತಿರ ಉಳಿದ ಮೂರು ನಾಯಿಗಳ ಹಗ್ಗ ಹಿಡಿದು ನಿಂತಿದ್ದೆ. ಅದು ಹಾವಲ್ಲ ಎಂದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆದರೆ ಬಾಯಿ ತೆರೆಯಲಿಲ್ಲ...

ತೊಂಬತ್ತರ ದಶಕದ ಮಾತು ಇದು. ಕತಾರಿನ ಉಮ್ಮ್ ಸಲಾಲ್ ಹತ್ತಿರ ಒಂದು ತೋಟದಲ್ಲಿ ನಾಲ್ಕು ಸಲೂಕಿ ನಾಯಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅರಬಾಬ್ ಎಂದರೆ ನನ್ನ ಧಣಿ, ವಯಸ್ಸಾದ ಅರಬಿ. ನನ್ನ ವೀಸಾ, ಪಾಸ್‌ಪೋರ್ಟ್ ಎಲ್ಲ ಅವರ ಕೈಯಲ್ಲಿ.

ಸಲೂಕಿ ಎಂದರೆ ಉದ್ದ ಮೂತಿಯ, ಒಳಸೇರಿದ ಹೊಟ್ಟೆಯ ಬೇಟೆ ನಾಯಿ. ಮೊಲ ಕಂಡರೆ ಅದರ ಕಾಲು ನೆಲಕ್ಕೆ ತಾಗುವುದೇ ಕಾಣುವುದಿಲ್ಲ.

ನಾಯಿ ನೆಕ್ಕಿದರೆ ಏಳು ಸಲ ತೊಳೆಯಬೇಕು ಎನ್ನುವ ಮನೆಯಲ್ಲಿ ಬೆಳೆದವನು ನಾನು. ಇಲ್ಲಿ ಅರಬಾಬ್ ಅವನ್ನು ತಾವು ಕೂರುವ ಕಂಬಳಿಯ ಮೇಲೇ ಮಲಗಿಸುತ್ತಿದ್ದರು. ಊರಲ್ಲಿದ್ದ ತಾಯಿಗೆ, ಉಮ್ಮನಿಗೆ ಬರೆದ ಕಾಗದದಲ್ಲಿ 'ತೋಟದ ಕೆಲಸ' ಎಂದಷ್ಟೇ ಬರೆದಿದ್ದೆ.

ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಪಿಕಪ್ ಹಿಂದೆ ಓಡಿಸಿ ಅವಕ್ಕೆ ಕಸುವು ತುಂಬಬೇಕು. ಪಾದ ಒಡೆಯದಂತೆ ಮದರಂಗಿ ಹಚ್ಚಬೇಕು. ಡ್ರೈವರ್ ಹಮೀದ್ ಕಾಕ ನಮ್ಮ ಪುತ್ತೂರಿನವರು, ಅದನ್ನು ನೋಡಿದಾಗಲೆಲ್ಲ ನಗುತ್ತಿದ್ದರು. "ಮೋನು, ಊರಲ್ಲಿ ಮದುಮಗಳಿಗೂ ಇಷ್ಟು ಚಂದ ಹಚ್ಚುದಿಲ್ಲ ಮಾರಾಯಾ!"

ಒಂದು ಕಟ್ಟುನಿಟ್ಟು ಇತ್ತು. ಬೇಟೆಯ ಹಿಂದಿನ ರಾತ್ರಿಯಿಂದ ನಾಯಿಗಳಿಗೆ ತಿನ್ನಲು ಏನೂ ಕೊಡಬಾರದು. ತುಂಬಿದ ಹೊಟ್ಟೆಯಲ್ಲಿ ಓಡಿದರೆ ಹೊಟ್ಟೆ ಒಳಗೇ ತಿರುಚಿಕೊಳ್ಳುತ್ತದೆ. ಮೊದಲ ದಿನವೇ ಅರಬಾಬ್ ತಲೆವಸ್ತ್ರವನ್ನು ಹಿಂಡಿ ತೋರಿಸಿ ಹೇಳಿದ್ದರು.

ನನಗೆ ಅರ್ಥವಾಗಿತ್ತು. ಆದರೆ ದೂರ ಹೊರಟವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಕ್ರಮವೇ ನಮ್ಮಲ್ಲಿಲ್ಲವಲ್ಲ...

ಆ ಬೆಳಿಗ್ಗೆ ರೀಮ್ ಖಾಲಿ ತಟ್ಟೆ ನೆಕ್ಕುತ್ತಾ ನನ್ನನ್ನೇ ನೋಡುತ್ತಿದ್ದಳು. ನಮ್ಮ ರೂಮಿನಲ್ಲಿ ಮಟನ್ ಸಾರು ಕಲಸಿದ ಅನ್ನ ಉಳಿದಿತ್ತು. ಸ್ವಲ್ಪ ಹಾಕಿದೆ. ಸಾಲದು ಅನ್ನಿಸಿತು, ಇನ್ನಷ್ಟು ಹಾಕಿದೆ.

ಮರಳುಗಾಡಿನಲ್ಲಿ ಒಂದು ಮೊಲದ ಹಿಂದೆ ಓಡಿದಳು. ಬಂದು ಗಟಗಟ ನೀರು ಕುಡಿದಳು. ಇನ್ನೊಂದರ ಹಿಂದೆ ಓಡಿ, ಅರ್ಧದಲ್ಲಿ ನಿಂತು, ಬೆನ್ನು ಬಾಗಿಸಿ ಕಾರತೊಡಗಿದಳು. ನೊರೆ ಬಿಟ್ಟರೆ ಏನೂ ಬರಲಿಲ್ಲ. ಆಮೇಲೆ ಬಿದ್ದಳು.

ಅರಬಾಬ್ ಅವಳ ಮುಂಗಾಲಿನಲ್ಲಿ ಎರಡು ಗೀರು ಕಂಡರು. ಮುಳ್ಳು ತಾಗಿದ್ದಿರಬೇಕು. ಅವರಿಗೆ ಅದು ಹಾವಿನ ಹಲ್ಲು.

ಕಾಫಿಗೆಂದು ಹಾಕಿದ ಬೆಂಕಿ ಉರಿಯುತ್ತಿತ್ತು. ಅದರಲ್ಲಿ ಕಬ್ಬಿಣದ ಸಲಾಕೆ ಇಟ್ಟರು. ಬರೆ ಹಾಕುವುದು ಅವರ ಹಿರಿಯರ ಕಾಲದ ಮದ್ದು.

ನನ್ನನ್ನು ಕರೆದು ರೀಮ್‌ಳ ತಲೆ ಹಿಡಿಯಲು ಹೇಳಿದರು. ಹಗ್ಗಗಳನ್ನು ಹಮೀದ್ ಕಾಕನಿಗೆ ಕೊಟ್ಟು ಹೋಗಿ ಕೂತೆ. ಅವಳ ಹೊಟ್ಟೆ ನನ್ನ ಮೊಣಕಾಲಿಗೆ ತಾಗುತ್ತಿದೆ... ಬಾರಿಸುವ ದಫ್ಫಿನ ಚರ್ಮದ ಹಾಗೆ ಬಿಗಿದಿದೆ.

ಈಗ ಹೇಳಬೇಕು ಅಂದುಕೊಳ್ಳುತ್ತೇನೆ. ಹೇಳಿದರೆ ನಾಳೆಯೇ ಊರಿಗೆ. ವೀಸಾಕ್ಕೆಂದು ಮಾರಿದ ಉಮ್ಮನ ಬಳೆ ಕಣ್ಣೆದುರು ಬರುತ್ತದೆ. ಸಲಾಕೆ ಕೆಂಪಾಗುತ್ತಿದೆ.

ಬರೆ ಹಾಕಿಯೇ ಬಿಟ್ಟರು.

ರೀಮ್ ಕೂಗಿದ್ದು ನಾಯಿ ಕೂಗಿದ ಹಾಗಿರಲಿಲ್ಲ. ನನ್ನ ಮಣಿಕಟ್ಟು ಅವಳ ಬಾಯಲ್ಲೇ ಇತ್ತು. ಅವಳು ಕಚ್ಚಲಿಲ್ಲ. ಹಲ್ಲು ಊರಿದ್ದು ಗೊತ್ತಾಯಿತು, ಅಷ್ಟೇ... ಬಿಟ್ಟುಬಿಟ್ಟಳು.

ಎರಡನೇ ಗೀರಿಗೆಂದು ಸಲಾಕೆ ಮತ್ತೆ ಬೆಂಕಿಗೆ ಹೋಯಿತು.

ಆಗ ನನ್ನ ಬಾಯಿಂದ ಬಂತು. "ಅನಾ ಆತಿ ಅಕಿಲ್! ರುಝ್!" ನಾನು ಊಟ ಕೊಟ್ಟೆ, ಅನ್ನ ಕೊಟ್ಟೆ. ಹರಕು ಅರಬಿ. ಅವಳ ಹೊಟ್ಟೆಯ ಮೇಲೆ ಕೈ ಬಡಿದು ಬಡಿದು ತೋರಿಸಿದೆ.

ಅರಬಾಬ್ ನನ್ನ ಮುಖ ನೋಡಿದರು. ಹೊಟ್ಟೆ ಮುಟ್ಟಿದರು. ಸಲಾಕೆಯನ್ನು ಮರಳಿಗೆ ಎಸೆದು "ಯಲ್ಲಾ, ದೋಹಾ!" ಎಂದರು.

ಪಿಕಪ್‌ನ ಹಿಂಬದಿಯಲ್ಲಿ ಅವಳನ್ನು ತಬ್ಬಿ ಕೂತಿದ್ದೆ. ದಾರಿಯಿಲ್ಲದ ಮರಳಿನಲ್ಲಿ ಗಾಡಿ ಎಗರುತ್ತಿತ್ತು. ಅವಳ ಒಸಡು ಬಿಳಿಚುತ್ತಾ ಬಂತು. ನನಗೆ ಗೊತ್ತಿದ್ದ ದುವಾಗಳೆಲ್ಲ ಮುಗಿದು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಪ್ರಾಣಿ ಡಾಕ್ಟರ್ ಅವಳ ಪಕ್ಕೆಗೆ ದಪ್ಪ ಸೂಜಿ ಚುಚ್ಚಿದಾಗ ಗಾಳಿ ಸುಯ್ಯೆಂದು ಹೊರಬಂತು. ಆಮೇಲೆ ಒಳಗೆ ಕೊಂಡುಹೋಗಿ ಹೊಟ್ಟೆ ಕೊಯ್ದರು. ಮಧ್ಯಾಹ್ನದ ಬಾಂಗ್ ಮುಗಿದ ಮೇಲೆ ಹೊರಗೆ ಬಂದು, ಇನ್ನೂ ಸ್ವಲ್ಪ ತಡವಾಗಿದ್ದರೆ ಜೀವ ಹೋಗುತ್ತಿತ್ತು ಎಂದರು.

ಹೊರಗೆ ಮೆಟ್ಟಿಲಲ್ಲಿ ಅರಬಾಬ್ ಹಮೀದ್ ಕಾಕನ ಮೂಲಕ ಒಂದೇ ಮಾತು ಕೇಳಿಸಿದರು.

"ಮೊದ್ಲೇ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಿದ್ದಾರೆ ನೋಡು."

"ಹೆದರಿಕೆ ಆಯ್ತು ಕಾಕ."

ಕಾಕ ಅದನ್ನು ಅರಬಿಯಲ್ಲಿ ಹೇಳಿದರು. ಅರಬಾಬ್ ಏನೋ ಗೊಣಗಿದರು. ಕಾಕ ನನ್ನ ಕಡೆ ತಿರುಗಿದರು. "ಆ ನಾಯಿಗೂ ಹೆದರಿಕೆ ಆಗಿತ್ತಂತೆ."

ನನ್ನನ್ನು ಊರಿಗೆ ಕಳಿಸಲಿಲ್ಲ. ರೀಮ್ ಉಳಿದಳು, ಆದರೆ ಮತ್ತೆ ಬೇಟೆಗೆ ಹೋಗಲಿಲ್ಲ. ಬರೆ ಬಿದ್ದಲ್ಲಿ ಕೂದಲು ಬೆಳೆಯಲೇ ಇಲ್ಲ.

ಮುಂದಿನ ಚಳಿಗಾಲ ಅತಿಥಿಯೊಬ್ಬರು ಆ ಕಲೆ ತೋರಿಸಿ ಏನಿದು ಎಂದು ಕೇಳಿದರು. ಆ ಹೊತ್ತಿಗೆ ನನಗೆ ಅರಬಿ ಚೆನ್ನಾಗಿ ತಿಳಿಯುತ್ತಿತ್ತು. "ನನ್ನ ಕೈಯ ತಪ್ಪು" ಎಂದರು ಅರಬಾಬ್.

ನಾನು ಅಲ್ಲೇ ಚಹಾ ಹಂಚುತ್ತಿದ್ದೆ. ಆಗಲೂ ಸುಮ್ಮನೇ ಇದ್ದೆ.

ಅನ್ನ ಹಾಕಿದ್ದಕ್ಕೆ ನನ್ನನ್ನು ನಾನೇ ಎಂದೋ ಕ್ಷಮಿಸಿಕೊಂಡೆ... ಸುಮ್ಮನಿದ್ದದ್ದಕ್ಕೆ ಕ್ಷಮಿಸಿಕೊಳ್ಳಲು ಇನ್ನೂ ಆಗಿಲ್ಲ. ನಿಮಗೆ ಆಗಿದೆಯಾ?