ಮೊದಲೇ ಹಾಕಿಟ್ಟ ಸಹಿ

ಪುಣೆ ಹತ್ತಿರದ ಸಾಸವಡದ ಅಜ್ಜಿಯರ ಮೊಣಕಾಲು ನೋವಿನ ಬಗ್ಗೆ ಸಂಶೋಧನೆ ಮಾಡಲು ವಿಶ್ವವಿದ್ಯಾಲಯದ ಸಂಶೋಧನಾ ನೈತಿಕತೆ ಸಮಿತಿಯ ಅನುಮತಿ ಬೇಕಿತ್ತು. ಪುಣೆಯಲ್ಲಿ ಸಮಿತಿಯ ಸಭೆಯೆಲ್ಲ ಮರಾಠಿಯಲ್ಲೇ ನಡೆಯಿತು. ಪ್ರಾಧ್ಯಾಪಕರು ಹೆಚ್ಚೇನೂ ಕೇಳಲಿಲ್ಲ. ಸಮಿತಿಯಲ್ಲಿ ಹೊರಗಿನವರೊಬ್ಬರು ಇರಲೇಬೇಕು ಎಂಬ ನಿಯಮದ ಮೇಲೆ ಬಂದಿದ್ದವರು ಧಾರವಾಡ ಕಡೆಯ, ಬ್ಯಾಂಕಿನಿಂದ ನಿವೃತ್ತರಾದ ಹೆಣ್ಣುಮಗಳು. ಅವರು ಅಜ್ಜಿಯರಿಂದ ಪಡೆಯಬೇಕಾದ ಒಪ್ಪಿಗೆ ಪತ್ರದ ಮಾದರಿ ಕೇಳಿದರು. ಚೀಲದಲ್ಲಿದ್ದ ಕಟ್ಟಿನಿಂದ ಒಂದನ್ನು ಎಳೆದು ಕೊಟ್ಟೆ.

ಓದಿ ಮುಗಿಸಿ ಕನ್ನಡಕದ ಮೇಲಿಂದ ನೋಡಿದರು. ಪತ್ರದಲ್ಲಿದ್ದ ನನ್ನ ಹೆಸರಿನಿಂದ ಗುರುತು ಹಿಡಿದು ಕನ್ನಡದಲ್ಲೇ ಕೇಳಿದರು.

“‘ಎಲ್ಲಾ ತಿಳಿಸಿ ಹೇಳಿ ಒಪ್ಪಿಗೆ ತಗೊಂಡೇನಿ’ ಅಂತ ಸಹಿ ಹಾಕೀರಲ್ರಿ. ಯಾರಿಗೆ ತಿಳಿಸೀರಿ?”

ಸಾಸವಡಕ್ಕೆ ಹೋದಾಗ ಹೊತ್ತು ಉಳಿಯಲಿ ಎಂದು ಇಡೀ ಕಟ್ಟಿಗೆ ಮೊದಲೇ ಸಹಿ ಹಾಕಿಟ್ಟಿದ್ದೆ. ನನ್ನ ಪಿಎಚ್‌ಡಿ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

“ಇನ್ನೂ ಯಾರನ್ನೂ ಕೇಳಿಲ್ರಿ.”

“ಹಂಗಾರ ಯಾರಿಗೂ ಮೋಸ ಆಗಿಲ್ಲ. ಹರದು ಹಾಕ್ರಿ, ಹೊಸಾವು ಮಾಡಸ್ಕೊಂಡು ಹೋಗ್ರಿ.”

ಅಲ್ಲೇ ಕೂತು ಎಲ್ಲವನ್ನೂ ಹರಿದೆ. ಅನುಮತಿ ಸಿಕ್ಕಿತು. ಪರೀಕ್ಷೆ ಪಾಸಾದಾಗಲೂ ಅಷ್ಟು ನಿರಾಳ ಆಗಿರಲಿಲ್ಲ.

ಮುಂದಿನ ವಾರ ಸಾಸವಡದಲ್ಲಿ ಮೊದಲ ಮನೆಯ ಅಜ್ಜಿ ಎಲ್ಲ ಕೇಳಿಸಿಕೊಂಡಳು, ಚಹಾ ಕೊಟ್ಟಳು, ಆಮೇಲೆ ಬೇಡ ಅಂದಳು. ಆಕೆ ಒಪ್ಪಿದ್ದಾಳೆಂದು ಹಿಂದಿನ ವಾರವೇ ಸಹಿ ಹಾಕಿದ್ದವನು ನಾನು.