ಮದುವೆ ಕಾರಿನ ಸಾರಥಿಗೆ ಹೆದ್ದಾರಿಯ ಹೊಟ್ಟೆಕಿಚ್ಚು

ಬೆಳಗಿನ ಆರು ಗಂಟೆ. ಬಿ.ಎಚ್. ರಸ್ತೆಯಲ್ಲಿ ಮಲ್ಲಸಂದ್ರ ದಾಟಿ ಗುಬ್ಬಿ ಕಡೆಗೆ ಕೆನೆ ಬಣ್ಣದ ಹಳೆಯ ಪ್ಲೈಮೌತ್ ಕಾರೊಂದು ಹೋಗುತ್ತಿದೆ. ಹಾಲಿನ ವ್ಯಾನು ಅದನ್ನು ಹಿಂದೆ ಹಾಕುತ್ತದೆ. ತೆಂಗಿನಕಾಯಿ ಲಾರಿಯೂ ಹಿಂದೆ ಹಾಕುತ್ತದೆ. ಮೊಪೆಡ್ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡ ರೈತರೊಬ್ಬರು ಪಕ್ಕಕ್ಕೆ ಬಂದು, ಕಾರನ್ನು ಮೇಲಿಂದ ಕೆಳಗೆ ನೋಡಿ, ನಗುತ್ತಾ ಮುಂದೆ ಹೋಗಿಬಿಡುತ್ತಾರೆ.

ಸ್ಟೀರಿಂಗ್ ಹಿಡಿದಿರುವವರು ಅರವತ್ತು ದಾಟಿದ ರೇವಣಸಿದ್ದಯ್ಯ. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪಕ್ಕದಲ್ಲಿ ಕುಣಿಗಲ್ಲಿನಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ರವಿಕಿರಣ್, ವಯಸ್ಸಿನಲ್ಲಿ ಇವರ ಅರ್ಧ. ಹಿಂದಿನ ಸೀಟಿನಲ್ಲಿ ನಾನು.

"ಒತ್ತಿ ಅಣ್ಣ, ಇನ್ನೂ ಸ್ವಲ್ಪ ಒತ್ತಿ."

"ಒತ್ತಿದೀನಿ ಕಣೋ!"

"ಎಲ್ಲೊತ್ತಿದೀರ? ಗಾಡಿ ಜೋರಾಗೋದೇ ತಡ, ಕಾಲು ತಾನೇ ಮೇಲಕ್ಕೆ ಬರ್ತದೆ ನಿಮ್ದು."

ರೇವಣಸಿದ್ದಯ್ಯ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾರೆ. "ನೋಡಿ ಸಾರ್, ನನ್ ಗಾಡೀಲಿ ಕೂತ್ಕಂಡು ನಂಗೇ ಹೇಳ್ಕೊಡ್ತಾನೆ. ಇವನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ಬರ್ಕೊಳ್ಳಿ ಬೇಕಾದ್ರೆ, ನಂಗೇನ್ ಭಯ ಇಲ್ಲ."

ರವಿಕಿರಣ್ ಬೇಜಾರು ಮಾಡಿಕೊಳ್ಳುವುದಿಲ್ಲ, ನಗುತ್ತಾರೆ. ಪತ್ರಿಕೆಯ ಈ ಪುಟಕ್ಕಾಗಿ ನಾನು ಮಾತಾಡಿಸಿದ ಹತ್ತಾರು ಜನ "ನಮ್ದೇನಿದೆ ಬಿಡಿ ಸಾರ್" ಎಂದು ಶುರು ಮಾಡಿದವರೇ. ಮೊದಲ ಮಾತಿಗೇ ಹೊಟ್ಟೆಕಿಚ್ಚನ್ನು ಎದುರಿಗಿಟ್ಟವರು ರೇವಣಸಿದ್ದಯ್ಯ ಒಬ್ಬರೇ. ನನಗೆ ಆಗಲೇ ಹಿಡಿಸಿಬಿಟ್ಟರು.

ಕಾರು ಇವರದ್ದಲ್ಲ. ತುಮಕೂರಿನ ಸದಾಶಿವನಗರದ ಅಡಿಕೆ ವ್ಯಾಪಾರಿ ಲಕ್ಷ್ಮೀಕಾಂತ್ ಅವರ ತಂದೆಯ ಕಾಲದ್ದು. ಚೇಳೂರಿನಿಂದ ಕಾರು ತೊಳೆಯುವ ಕೆಲಸಕ್ಕೆ ಬಂದ ರೇವಣಸಿದ್ದಯ್ಯ ಅದರ ಡ್ರೈವರಾಗಿ, ಅದರ ಜೊತೆಯಲ್ಲೇ ಹಳಬರಾದರು. ಮೀಸೆ ಹಣ್ಣಾದವರು ಇವರು ಮಾತ್ರ, ಕಾರಿನ ಬಣ್ಣ ಮಾಸಲು ಬಿಟ್ಟಿಲ್ಲ. ಕಾರಿಗೆ ಇರುವುದು ಒಂದೇ ಕಸುಬು: ಮದುವೆ ಗಂಡನ್ನು ಹೊತ್ತು ತರುವುದು, ಮುಹೂರ್ತ ಮುಗಿದ ಮೇಲೆ ಹೆಣ್ಣನ್ನೂ ಜೊತೆಗೆ ಕೂರಿಸಿ ಮೆರೆಸುವುದು. ಲಗ್ನದ ದಿನಗಳಲ್ಲಿ ಇವತ್ತು ಗುಬ್ಬಿ, ನಾಳೆ ಕುಣಿಗಲ್, ನಾಡಿದ್ದು ಮತ್ತೆ ತುಮಕೂರು. ಒಮ್ಮೊಮ್ಮೆ ಒಂದೇ ದಿನ ಎರಡು ಮುಹೂರ್ತ.

ಹೂವು ಕಟ್ಟುವುದು ತುಮಕೂರಿನಲ್ಲೇ. ನಸುಕಿನಲ್ಲಿ ಬಾನೆಟ್ ಮೇಲೆ ಸೇವಂತಿಗೆ, ಬಾಗಿಲಿಗೆ ಸುಗಂಧರಾಜ. ಆಮೇಲೆ ಕುಣಿಗಲ್ ತನಕ ಒಂದು ಎಸಳೂ ಹಾರಬಾರದು. "ಬೀಗರು ಮೊದ್ಲು ನೋಡೋದು ಗಂಡಿನ ಮುಖ ಅಲ್ಲ ಸಾರ್, ಕಾರಿನ ಹೂವು," ಎನ್ನುತ್ತಾರೆ. ಹಾಗಾಗಿ ಹೂವು ಹಾರದ ವೇಗವೊಂದನ್ನು ಇವರ ಬಲಗಾಲು ಕಲಿತುಬಿಟ್ಟಿದೆ. ಅದಕ್ಕಿಂತ ಒಂದಿಷ್ಟು ಜಾಸ್ತಿಯಾದರೂ ಕಾಲು ಯಾರ ಅಪ್ಪಣೆಯನ್ನೂ ಕೇಳದೆ ಮೇಲೆ ಬರುತ್ತದೆ.

ಮೆರವಣಿಗೆಯದು ಇನ್ನೊಂದು ಕಸರತ್ತು. ಬ್ಯಾಂಡಿನವರ ಹಿಂದೆ, ಕುಣಿಯುವವರ ಕಾಲಿಗೆ ತಾಗದಂತೆ, ಕಾರು ನಡೆದುಕೊಂಡೇ ಬರಬೇಕು. ಮಧ್ಯದಲ್ಲಿ ಜರ್ಕ್ ಹೊಡೆದರೆ ಗಂಡಿನ ಪೇಟ ಕಣ್ಣಿನ ಮೇಲೆ ಬೀಳುತ್ತದೆ. ಅದಕ್ಕೆಂದೇ ಇವರು ಇಂಜಿನ್ನಿನಲ್ಲಿ ಕಿಡಿ ಹೊತ್ತುವ ಹೊತ್ತನ್ನು ಚೂರು ತಡ ಮಾಡಿಟ್ಟಿರುತ್ತಾರೆ. ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರನ್ನು ಒಂಚೂರು ತಿರುಗಿಸಿದರೆ ಆಯಿತು. ಇವರ ಬಾಯಲ್ಲಿ ಅದು "ಮದ್ವೆ ಟೈಮಿಂಗು". ಆಮೇಲೆ ಕಾರು ಹಸುವಿನಷ್ಟು ಸಾಧುವಾಗಿ ನಡೆಯುತ್ತದೆ. ಆದರೆ ಅದೇ ಟೈಮಿಂಗಿನಲ್ಲಿ ಹೆದ್ದಾರಿಗೆ ಇಳಿದರೆ ಎಳೆತ ಇರುವುದಿಲ್ಲ, ಇಂಜಿನ್ ಬಿಸಿಯೇರುತ್ತದೆ.

ಇಷ್ಟೆಲ್ಲ ಮಾಡಿದವರಿಗೆ ಊಟ ಕೊನೆಯ ಪಂಕ್ತಿಯಲ್ಲಿ. ಈ ಭಾಗದ ಎಷ್ಟೋ ಮನೆಗಳ ಮದುವೆ ಆಲ್ಬಮ್ಮಿನಲ್ಲಿ ರೇವಣಸಿದ್ದಯ್ಯನವರ ಒಂದು ಕಿವಿ ಇದೆ, ಮುಖ ಇಲ್ಲ. ಅದಕ್ಕೆ ಅವರಿಗೆ ಬೇಸರವಿಲ್ಲ. ಬೇಸರವಾದದ್ದು ಕಳೆದ ಚಳಿಗಾಲದಲ್ಲಿ.

ಹಳೆಯ ಕಾರುಗಳ ಮಾಲೀಕರೆಲ್ಲ ಸೇರಿ ಕನ್ಯಾಕುಮಾರಿಗೆ ಹೊರಟಾಗ ಲಕ್ಷ್ಮೀಕಾಂತ್ ಕೂಡ ಹೆಸರು ಕೊಟ್ಟರು. ರೇವಣಸಿದ್ದಯ್ಯ ಹೊಸ ಅಂಗಿ ಹೊಲಿಸಿದರು. ಹೊರಡುವ ದಿನ ನೋಡಿದರೆ ಡ್ರೈವರ್ ಸೀಟಿನಲ್ಲಿ ರವಿಕಿರಣ್! ಇವರಿಗೆ ಸಿಕ್ಕಿದ್ದು ಹಿಂದೆ ಬರುವ ಬೊಲೆರೊದಲ್ಲಿ, ನೀರಿನ ಕ್ಯಾನು, ಸ್ಪೇರ್ ಟೈರುಗಳ ಮಧ್ಯೆ ಒಂದು ಜಾಗ.

"ನನ್ ಗಾಡೀನ ನಾನು ಹಿಂದಿನಿಂದ ನೋಡೇ ಇರ್ಲಿಲ್ಲ ಸಾರ್," ಎನ್ನುತ್ತಾರೆ. "ಇನ್ನೊಬ್ಬ ಓಡಿಸ್ಕೊಂಡು ಹೋಗೋದನ್ನ ಬೆನ್ನಿಂದೇ ನೋಡ್ಕಂಡು ಹೋಗೋದು ಅಂದ್ರೆ... ಬುಡಿ, ಶತ್ರುಗೂ ಬ್ಯಾಡ. ಅವ್ನು ಗೇರ್ ಹಾಕಿದಾಗೆಲ್ಲಾ ನಾನು ಹಲ್ಲು ಕಡೀತಿದ್ದೆ."

ಹೊರಡುವ ಮುಂಚೆ ರವಿಕಿರಣ್ ಮರ್ಯಾದೆಯಿಂದ ಕೇಳಿದ್ದರಂತೆ, "ಅಣ್ಣ, ಗಾಡಿ ವಿಷ್ಯ ಏನಾದ್ರೂ ಹೇಳೋದಿದ್ಯಾ?" ಎಂದು. "ಎಲ್ಲಾ ಸರಿಯಾಗದೆ, ಹೋಗಪ್ಪ," ಎಂದರು ರೇವಣಸಿದ್ದಯ್ಯ. ಹಿಂದಿನ ದಿನ ತಾನೇ ಗುಬ್ಬಿಯಲ್ಲಿ ಮದುವೆ ಮುಗಿಸಿ ಬಂದಿದ್ದ ಕಾರು. ಟೈಮಿಂಗ್ ಇನ್ನೂ ಮದುವೆಯದೇ. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಫಲ ಕುಣಿಗಲ್ಲಿನಲ್ಲಿ ಸಿಕ್ಕಿತು. ರವಿಕಿರಣ್ ಮನೆಯವರು, ನೆಂಟರು, ಗ್ಯಾರೇಜಿನ ಗಿರಾಕಿಗಳು ಎಲ್ಲರೂ ಆರತಿ ತಟ್ಟೆ, ಹಾರ ಹಿಡಿದು ರಸ್ತೆಯ ಪಕ್ಕ ಕಾಯುತ್ತಿದ್ದರು. ಅವರ ಮುಂದೆಯೇ ಕಾರು ಬುಸ್ಸೆಂದು ಹೊಗೆಯಾಡಿ ನಿಂತುಬಿಟ್ಟಿತು.

"ಖುಷಿಯಾಯ್ತಾ?" ಎಂದು ಕೇಳುತ್ತೇನೆ.

"ಸುಳ್ಳ್ಯಾಕೆ ಹೇಳ್ಲಿ, ಭಾರೀ ಖುಷಿಯಾಯ್ತು. ಬೊಲೆರೊದಿಂದ ಕೆಳಗೇ ಇಳೀಲಿಲ್ಲ ನಾನು. ಅಷ್ಟ್ರಲ್ಲಿ ಗುಂಪಲ್ಲಿ ಯಾವನೋ ಒಬ್ಬ, 'ಗುಜರಿಗಾಕ್ರಪ್ಪ ಇದನ್ನ' ಅಂದ. ಜನ ಎಲ್ಲಾ ನಕ್ರು. ನಾನು ಅವ್ರು ರವಿಕಿರಣನ್ನ ನೋಡಿ ನಗ್ತಾರೆ ಅನ್ಕಂಡಿದ್ದೆ ಸಾರ್. ಅವ್ರು ನಗ್ತಿದ್ದಿದ್ದು ನನ್ ಗಾಡೀನ."

ಇಳಿದು ಹೋದರು. ರೇಡಿಯೇಟರಿಗೆ ನೀರು ಹುಯ್ಯುತ್ತಿದ್ದ ರವಿಕಿರಣ್ ಪಕ್ಕ ನಿಂತು, ಡಿಸ್ಟ್ರಿಬ್ಯೂಟರಿಗೆ ಕೈ ಹಾಕಿ ಒಂಚೂರು ತಿರುಗಿಸಿದರು. ರವಿಕಿರಣ್ ಆ ಕೈಯನ್ನು ನೋಡಿದರು, ಮುಖವನ್ನು ನೋಡಿದರು. ಎಲ್ಲ ಅರ್ಥವಾಯಿತು. ಆದರೆ ಮಾಲೀಕರ ಹತ್ತಿರ ಹೇಳಿದ್ದು, "ಫ್ಯಾನ್ ಬೆಲ್ಟ್ ಲೂಸಾಗಿತ್ತು ಸಾರ್, ಸಿದ್ದಯ್ಯಣ್ಣ ನೋಡುದ್ರು" ಎಂದು.

"ಬೈದಿದ್ರೆ ಸಮ ಆಗೋಗೋದು," ಎಂದು ರೇವಣಸಿದ್ದಯ್ಯ ಗೊಣಗುತ್ತಾರೆ. "ಒಳ್ಳೇವ್ನಾಗ್ಬುಟ್ಟ ನೋಡಿ, ಅದುಕ್ಕೇ ಇನ್ನೂ ಜಾಸ್ತಿ ಉರೀತು."

ಆ ಉರಿಯನ್ನು ಸಮುದ್ರದ ತನಕ ಹೊತ್ತುಕೊಂಡೇ ಹೋದರು. ಕನ್ಯಾಕುಮಾರಿಯಲ್ಲಿ ಎಲ್ಲರೂ ಕಾರಿನ ಮುಂದೆ ಫೋಟೊ ತೆಗೆಸಿಕೊಳ್ಳುವಾಗ ತಡೆಯಲಾಗದೆ ಲಕ್ಷ್ಮೀಕಾಂತ್ ಎದುರಿಗೆ ಇದ್ದದ್ದನ್ನೆಲ್ಲ ಹೇಳಿಬಿಟ್ಟರು.

"ಇಷ್ಟು ಆಸೆ ಇದ್ರೆ ನನ್ನ ಕೇಳ್ಬಾರ್ದಿತ್ತಾ ಸಿದ್ದಯ್ಯ?"

"ಕೇಳಿದ್ರೆ ಕೊಡ್ತಿದ್ರಾ ಸಾವ್ಕಾರ್ರೇ?"

"ಇಲ್ಲ. ನಿನ್ನ ಸ್ಪೀಡಲ್ಲಿ ಬಂದಿದ್ರೆ ನಾವಿನ್ನೂ ಮಧುರೈ ಮುಟ್ಟಿರ್ತಿರ್ಲಿಲ್ಲ."

ಮುಂದಿನ ತಿಂಗಳು ಇದೇ ಕಾರುಗಳು ಗೋವಾಕ್ಕೆ ಹೊರಡಲಿವೆ. ಲಕ್ಷ್ಮೀಕಾಂತ್ ಒಂದು ಷರತ್ತು ಹಾಕಿದ್ದಾರೆ. ಭಾನುವಾರ ತುಮಕೂರಿನಿಂದ ಗುಬ್ಬಿಗೆ ಹೋಗಬೇಕು, ಅವರು ಇನ್ನೊಂದು ಕಾರಿನಲ್ಲಿ ಮುಂದೆ ಹೋಗುತ್ತಾರೆ, ಹಿಂದೆ ಬೀಳಬಾರದು. ಬೀಳದಿದ್ದರೆ ಗೋವಾ ತನಕ ಸ್ಟೀರಿಂಗ್ ರೇವಣಸಿದ್ದಯ್ಯನವರದು. ಬಿದ್ದರೆ ಮತ್ತೆ ಬೊಲೆರೊ. ಅದಕ್ಕೇ ದಿನಾ ಬೆಳಗ್ಗೆ ಈ ಅಭ್ಯಾಸ, ಅದೂ ಹೊಟ್ಟೆ ಉರಿಸಿದವನ ಹತ್ತಿರವೇ ಪಾಠ.

ಗುಬ್ಬಿಯಿಂದ ಹಿಂತಿರುಗಿ ಶೆಟ್ಟಿಹಳ್ಳಿಯಲ್ಲಿರುವ ರೇವಣಸಿದ್ದಯ್ಯನವರ ಮನೆಯಲ್ಲಿ ತಿಂಡಿಗೆ ಕೂರುತ್ತೇವೆ. ಹೆಂಡತಿ ಸಿದ್ದಗಂಗಮ್ಮ ತಟ್ಟೆ ಇಡ್ಲಿ ಬಡಿಸುತ್ತಾರೆ. ತಿಂಡಿಯ ಮಧ್ಯದಲ್ಲೂ ಇವರ ರಾಗ ಬೊಲೆರೊದ್ದೇ. ಒಂದೆರಡು ಸಲ ಕೇಳಿದ ಸಿದ್ದಗಂಗಮ್ಮ ಚಟ್ನಿಯ ಸೌಟನ್ನು ಪಾತ್ರೆಗೆ ಹಾಕಿ ನಿಂತುಬಿಡುತ್ತಾರೆ.

"ಒಂದ್ಸಲ ಹಿಂದ್ಗಡೆ ಗಾಡೀಲಿ ಕೂತಿದ್ದುಕ್ಕೆ ಇಷ್ಟು ಉರೀತೈತಲ್ಲ ನಿಮ್ಗೆ. ಊರ್ನೋರ ಹೆಣ್ಮಕ್ಳನ್ನೆಲ್ಲಾ ಕೂರುಸ್ಕೊಂಡು ಮೆರವಣಿಗೆ ಮಾಡಿದೀರಿ. ನಾನು ಒಂದಿನಾನಾದ್ರೂ ಅದ್ರೊಳ್ಗೆ ಕೂತಿದೀನಾ? ಬಾಗ್ಲಲ್ಲಿ ನಿಂತ್ಕಂಡು ನೋಡಿದೀನಿ. ನಂಗೆಷ್ಟು ಉರ್ದಿರ್ಬೇಕು, ಲೆಕ್ಕ ಹಾಕಿ."

ರೇವಣಸಿದ್ದಯ್ಯನವರ ಕೈಯಲ್ಲಿದ್ದ ಇಡ್ಲಿ ತುಂಡು ಅಲ್ಲೇ ನಿಲ್ಲುತ್ತದೆ. "ಅದು ಸಾವ್ಕಾರ್ರ ಗಾಡಿ ಕಣೇ..." ಎನ್ನುತ್ತಾರೆ.

"ಓ, ಇಲ್ಲೀ ಗಂಟ ನನ್ ಗಾಡಿ, ನನ್ ಗಾಡಿ ಅಂತಿದ್ರಿ?"

ರವಿಕಿರಣ್ ತಟ್ಟೆಯ ಮೇಲೆ ಮುಖ ತಗ್ಗಿಸಿಕೊಂಡು ನಗುತ್ತಾರೆ. ಸಿದ್ದಗಂಗಮ್ಮನ ಹೊಟ್ಟೆಕಿಚ್ಚಿಗೆ ಇನ್ನೊಂದು ಕಾರಣವೂ ಇದೆ ಎಂದು ಆಮೇಲೆ ಗೊತ್ತಾಗುತ್ತದೆ. ಇದೇ ಬೀದಿಯ ಪುಟ್ಟಗಂಗಮ್ಮನ ಮಗ ಹೊಸ ಕಾರು ತೆಗೆದುಕೊಂಡಿದ್ದಾನೆ. ಹತ್ತಿರದ ದೇವರಾಯನದುರ್ಗಕ್ಕೆ ಹೋಗಿ ಬಂದರೂ ಪುಟ್ಟಗಂಗಮ್ಮ ಮನೆಗೆ ಬಂದು ಎ.ಸಿ. ಎಷ್ಟು ತಣ್ಣಗಿತ್ತು ಎಂದು ಹೇಳಿಯೇ ಹೋಗುತ್ತಾರೆ.

ಭಾನುವಾರ ನಾನು ಮತ್ತೆ ಹೋಗುತ್ತೇನೆ. ಸದಾಶಿವನಗರದ ಗೇಟಿನ ಮುಂದೆ ಪ್ಲೈಮೌತ್ ನಿಂತಿದೆ, ಹೂವಿಲ್ಲದೆ. ಮುಂದಿನ ಸೀಟಿಗೆ ಹೋದ ರವಿಕಿರಣನ್ನು ರೇವಣಸಿದ್ದಯ್ಯ ತಡೆಯುತ್ತಾರೆ. "ಅದು ನಮ್ಮನೆಯವಳ್ದು. ನೀನು ಹಿಂದೆ ಕೂತ್ಕೋ." ಪಕ್ಕದಲ್ಲಿ ನಿಂತಿದ್ದ ಲಕ್ಷ್ಮೀಕಾಂತ್ ಕಡೆ ತಿರುಗಿ, "ಗೋವಾಕ್ಕೂ ಹಂಗೇ ಸಾವ್ಕಾರ್ರೇ, ಇಬ್ರೂ ಬತ್ತೀವಿ," ಎನ್ನುತ್ತಾರೆ. "ಮೊದ್ಲು ಗುಬ್ಬಿಗೆ ಬಾರಯ್ಯ," ಎಂದು ಲಕ್ಷ್ಮೀಕಾಂತ್ ತಮ್ಮ ಕಾರು ಹತ್ತುತ್ತಾರೆ.

ಹೆಗ್ಗೆರೆ ದಾಟುವ ಹೊತ್ತಿಗೆ ಮುಂದಿನ ಕಾರು ದೂರವಾಗುತ್ತಿದೆ. ರೇವಣಸಿದ್ದಯ್ಯನವರ ಕಾಲು ಅಭ್ಯಾಸಬಲದಿಂದ ಮೇಲೇಳುತ್ತಿದೆ. ಸಿದ್ದಗಂಗಮ್ಮ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು, ರಸ್ತೆಯಿಂದ ಕಣ್ಣು ತೆಗೆಯದೆ, "ಇಷ್ಟೇನಾ?" ಎನ್ನುತ್ತಾರೆ. ಅವರ ದನಿಯಲ್ಲಿ ವ್ಯಂಗ್ಯವಿಲ್ಲ, ನಿಜವಾಗಿಯೂ ನಿರಾಸೆಯಿದೆ.

ರವಿಕಿರಣ್ ಇಷ್ಟು ದಿನ ಗಂಟಲು ಹರಿದುಕೊಂಡರೂ ಆಗದ್ದು ಆ ಒಂದು ಮಾತಿಗೆ ಆಗುತ್ತದೆ. ಕಾಲು ಒತ್ತುತ್ತದೆ, ಒತ್ತಿಯೇ ಇರುತ್ತದೆ. ಹಾಲಿನ ವ್ಯಾನು ಹಿಂದಕ್ಕೆ ಹೋಗುತ್ತದೆ, ಖಾಸಗಿ ಬಸ್ಸೊಂದು ಹಿಂದಕ್ಕೆ ಹೋಗುತ್ತದೆ. ಕಿಟಕಿಯಿಂದ ನುಗ್ಗುವ ಗಾಳಿಗೆ ನಮ್ಮ ಮಾತು ನಮಗೇ ಕೇಳಿಸುವುದಿಲ್ಲ. ಗುಬ್ಬಿ ಮುಟ್ಟುವಾಗ ಲಕ್ಷ್ಮೀಕಾಂತ್ ಕಾರಿನ ಹಿಂದೆಯೇ ನಾವಿದ್ದೇವೆ. ಅವರು ಇಳಿದು ಬಂದು, ಬಿಸಿಯಾದ ಬಾನೆಟ್ ಮೇಲೆ ಕೈಯಿಟ್ಟು, "ಆಯ್ತು ಸಿದ್ದಯ್ಯ, ಗೋವಾ ನಿಂದೇ," ಎನ್ನುತ್ತಾರೆ. ಬೊಲೆರೊ ಯಾರದ್ದಾಗುತ್ತದೆ ಎಂದು ಹೊಳೆದು ರವಿಕಿರಣ್ ಮುಖ ಸಣ್ಣಗಾಗುತ್ತದೆ. ನನಗೂ ಒಳಗೊಳಗೇ ಉರಿ, ಈ ಪ್ರಯಾಣದಲ್ಲಿ ನನಗೆ ಬೊಲೆರೊದಲ್ಲೂ ಜಾಗವಿಲ್ಲ.

ವಾಪಸ್ ಬರುವಾಗಲೂ ಅದೇ ವೇಗ. ಈಗ ರೇವಣಸಿದ್ದಯ್ಯನವರನ್ನು ತಡೆಯುವವರೇ ಇಲ್ಲ. ಶೆಟ್ಟಿಹಳ್ಳಿಯ ಬೀದಿಗೆ ತಿರುಗಿದಾಗ ಪುಟ್ಟಗಂಗಮ್ಮ ತಮ್ಮ ಮನೆ ಮುಂದೆ ನಿಂತು ಸೊಪ್ಪಿನವಳ ಹತ್ತಿರ ಚೌಕಾಶಿ ಮಾಡುತ್ತಿದ್ದಾರೆ. ಸಿದ್ದಗಂಗಮ್ಮ ಕೆದರಿದ ಕೂದಲನ್ನು ಸರಿ ಮಾಡಿಕೊಂಡು, ಮೊಣಕೈಯನ್ನು ಕಿಟಕಿಯ ಮೇಲಿಟ್ಟು, ಗಂಡನಿಗೆ ಮೆಲ್ಲಗೆ ಹೇಳುತ್ತಾರೆ:

"ಈಗ ನಿಧಾನ್ಕೆ ಹೋಗಿ. ಅವ್ಳು ನೋಡ್ಲಿ."